ಹೀರೋ ತಿನ್ನುವ ಏಲಕ್ಕಿ

ನಾನು ಹಾವೇರಿಯವನು. ಹಾಗಾಗಿ ಏಲಕ್ಕಿ ಬಗ್ಗೆ ಮಾತಾಡಲು ಒಂಚೂರು ಹಕ್ಕಿದೆ ಅಂದುಕೊಂಡಿದ್ದೇನೆ. ನಮ್ಮ ಹೊಲದಲ್ಲಿ ಅದು ಬೆಳೆಯುವುದಿಲ್ಲ, ಘಟ್ಟದ ಬೆಳೆ. ಆದರೆ ಮಾಲೆ ಕಟ್ಟುವವರು ನಾವೇ. ಊರಿಗೆ ಯಾರೇ ದೊಡ್ಡವರು ಬರಲಿ, ಕೊರಳಿಗೆ ಏಲಕ್ಕಿ ಮಾಲೆ ಬಿದ್ದೇ ಬೀಳುತ್ತದೆ. 2023ರ ಜನವರಿಯಲ್ಲಿ ಇಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗಲಂತೂ ‘ಏಲಕ್ಕಿ ಕಂಪಿನ ನಾಡು’ ಅನ್ನದೆ ಯಾರೂ ಮೈಕು ಬಿಡಲಿಲ್ಲ.

ಇಷ್ಟೆಲ್ಲ ಇದ್ದರೂ, ಏಲಕ್ಕಿ ತಿನ್ನಲು ಹೆಲಿಕಾಪ್ಟರ್‌ನಿಂದ ಇಳಿಯಬೇಕು ಅಂತ ನಮಗೆ ಗೊತ್ತಿರಲಿಲ್ಲ. ಪಾಯಸಕ್ಕೆ ಎರಡು ಕುಟ್ಟಿ ಹಾಕಿ ಸುಮ್ನೆ ಇರುತ್ತಿದ್ದೆವು. ಈಗ ಟಿವಿ ಹಾಕಿದರೆ ಸಾಕು, ಸೂಟು ತೊಟ್ಟ ಹೀರೋ ಬಂಗಾರದ ಬಣ್ಣದ ಡಬ್ಬಿಯಿಂದ ನಾಲ್ಕು ಕಾಳು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾನೆ. ಹಿಂದೆ ಕುದುರೆ ಓಡುತ್ತದೆ. ಮುಂದೆ ಹುಡುಗಿ ತಿರುಗಿ ನೋಡುತ್ತಾಳೆ. ನಮ್ಮಜ್ಜಿ ಎಂಬತ್ತು ವರ್ಷ ಏಲಕ್ಕಿ ತಿಂದಳು. ಕುದುರೆ ಹಾಗಿರಲಿ, ಒಂದು ಕತ್ತೆಯೂ ಓಡಲಿಲ್ಲ.

ಅದೇ ಹೀರೋ ಮೊನ್ನೆ ಬಸ್ಸಿನ ಹಿಂದೆ ಸಿಕ್ಕ. ಅಲ್ಲೂ ಡಬ್ಬಿ, ಅಲ್ಲೂ ನಗು. ಬಸ್ಸಿನ ಒಳಗೆ ‘ಉಗುಳಬಾರದು’ ಅಂತ ಬರೆದಿತ್ತು. ಏಲಕ್ಕಿ ತಿಂದವರು ಯಾಕೆ ಉಗುಳುತ್ತಾರೆ ಸ್ವಾಮಿ? ಕಿಟಕಿಯಿಂದ ಬಗ್ಗಿ ನೋಡಿದೆ. ಬಸ್ಸಿನ ಮೈಮೇಲೆ ಉದ್ದಕ್ಕೂ ಕೆಂಪು ಗೆರೆ. ಏಲಕ್ಕಿ ಹಸಿರು ಅಂತ ಇಷ್ಟು ದಿನ ತಪ್ಪು ತಿಳಿದಿದ್ದೆ.

ಈ ಬಣ್ಣ ಬದಲಾದ ಕತೆ ಹಳೆಯದು. 2003ರ ಕಾನೂನು ತಂಬಾಕಿನ ಜಾಹೀರಾತು ಬೇಡ ಅಂದಿತು. 2013ರಲ್ಲಿ ನಮ್ಮ ರಾಜ್ಯ ಗುಟ್ಕಾವನ್ನೇ ನಿಷೇಧಿಸಿತು. ಸರಿ, ಒಂದು ಪಾಕೀಟು ಎರಡಾಯಿತು. ಒಂದರಲ್ಲಿ ಪಾನ್ ಮಸಾಲ, ಇನ್ನೊಂದರಲ್ಲಿ ತಂಬಾಕು. ಅಡಿಗೆ ಮಾಡಿ ಬಡಿಸಬಾರದು ಅಂದರು, ಅಂಗಡಿಯವನು ಸಾಮಾನು ಕೊಟ್ಟು ‘ನೀವೇ ಕಲಸಿಕೊಳ್ಳಿ’ ಅಂದ. ಜಾಹೀರಾತಿಗೆ ಏಲಕ್ಕಿ ಬಂತು. ಹೆಸರು ಅದೇ, ಬಣ್ಣ ಅದೇ, ಅಕ್ಷರ ಅದೇ. ಹೆಂಡದವರದೂ ಇದೇ ದಾರಿ. ಅವರು ಸೋಡಾ ಮಾರುತ್ತಾರೆ, ಮ್ಯೂಸಿಕ್ ಸಿಡಿ ಮಾರುತ್ತಾರೆ. ಸಿಡಿ ಪ್ಲೇಯರ್ ಗುಜರಿಗೆ ಹೋಗಿ ಎಷ್ಟೋ ವರ್ಷವಾಯಿತು. ಪಾಪ, ಅವರಿಗೆ ಯಾರೂ ಹೇಳಿಲ್ಲ ಅನ್ನಿಸುತ್ತದೆ.

ಇದಕ್ಕೆ ಸರೋಗೇಟ್ ಜಾಹೀರಾತು ಅನ್ನುತ್ತಾರೆ. ಬಾಡಿಗೆ ಬಸಿರು. ಮಗು ತಂಬಾಕಿನದು, ಹೊರುವ ಕರ್ಮ ಏಲಕ್ಕಿಯದು.

ಸರ್ಕಾರ ಕೈಕಟ್ಟಿ ಕೂತಿಲ್ಲ, ಸುಳ್ಳು ಹೇಳಬಾರದು. 2022ರ ಜೂನ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ನಿಯಮ ತಂದಿತು. ನಿಷೇಧವಿರುವ ವಸ್ತುವಿನ ಹೆಸರು, ಲೋಗೋ, ಬಣ್ಣ ಹಾಕಿ ಬೇರೆ ವಸ್ತುವಿನ ನೆಪದಲ್ಲಿ ಜಾಹೀರಾತು ಕೊಟ್ಟರೆ ಅದು ಸರೋಗೇಟ್, ಅದು ಕೂಡದು. ಓದಿ ಖುಷಿಯಾಯಿತು. ಅಲ್ಲಿಗೇ ನಿಲ್ಲಿಸಬೇಕಿತ್ತು. ಕೆಳಗೆ ಇನ್ನೊಂದು ಸಾಲಿದೆ. ಬೇರೆ ತಕರಾರು ಇಲ್ಲದಿದ್ದರೆ, ಬ್ರ್ಯಾಂಡಿನ ಹೆಸರು ಬಳಸಿದ ಮಾತ್ರಕ್ಕೆ ಸರೋಗೇಟ್ ಆಗುವುದಿಲ್ಲವಂತೆ. ಕಂಪನಿ ಚಾಪೆ ಕೆಳಗೆ ತೂರಿದ್ದು ಕಂಡು ಸರ್ಕಾರವೇ ಪಕ್ಕದಲ್ಲಿ ರಂಗೋಲಿ ಹಾಕಿ ಕೊಟ್ಟ ಹಾಗಾಯಿತು.

ದಂಡವೂ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಆ ಕುದುರೆ, ಆ ಹೆಲಿಕಾಪ್ಟರ್ ಬಾಡಿಗೆ ನೆನೆಸಿಕೊಂಡರೆ ಇದು ಟೀ ಕಾಸು. ಹೀರೋಗೂ ಒಂದು ಷರತ್ತಿದೆ. ಅವನು ಹೇಳುವ ಮಾತು ಅವನ ನಿಜವಾದ ಅಭಿಪ್ರಾಯ ಆಗಿರಬೇಕು. ಆಗಿರಬಹುದು ಬಿಡಿ. ಅವನು ಹೇಳುತ್ತಿರುವುದು ಏಲಕ್ಕಿ ಬಗ್ಗೆ ತಾನೇ? ಏಲಕ್ಕಿ ಒಳ್ಳೆಯದೇ.

2025ರ ಐಪಿಎಲ್‌ಗೆ ಮುಂಚೆ ಕೇಂದ್ರದ ಆರೋಗ್ಯ ಇಲಾಖೆಯಿಂದ ಕ್ರಿಕೆಟ್‌ನವರಿಗೆ ಪತ್ರ ಹೋಯಿತು, ತಂಬಾಕು-ಮದ್ಯದ ಇಂಥ ಜಾಹೀರಾತು ಬೇಡ ಅಂತ. ಪತ್ರ ಬರೆಯುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ.

ಇಷ್ಟೆಲ್ಲ ತಿಳಿದ ಮೇಲೆ ಆ ಏಲಕ್ಕಿಯನ್ನು ಒಮ್ಮೆ ತಿಂದೇ ನೋಡೋಣ ಅನ್ನಿಸಿತು. ಬಸ್ ಸ್ಟ್ಯಾಂಡ್ ಹತ್ತಿರದ ಪಾನ್ ಅಂಗಡಿಗೆ ಹೋದೆ. ಮುಂದೆ ಪಾಕೀಟಿನ ಮಾಲೆಗಳು ತೂಗುತ್ತಿದ್ದವು. ನಾವು ಕಟ್ಟುವ ಮಾಲೆಗಿಂತ ಜಾಸ್ತಿ ಉದ್ದ.

“ಏಲಕ್ಕಿ ಕೊಡಪಾ.”

“ಕಿರಾಣಿ ಅಂಗಡ್ಯಾಗ ಕೇಳ್ರಿ ಸರ.”

“ಅದಲ್ಲೋ. ಬಸ್ಸಿನ ಹಿಂದ ಹೀರೋ ಹಿಡ್ಕೊಂಡಾನಲ್ಲ, ಆ ಏಲಕ್ಕಿ.”

“ಹಂಗನ್ರಿ ಮತ್ತ!” ಅಂದವನೇ ಆ ಮಾಲೆಯಿಂದ ಒಂದು, ಈ ಮಾಲೆಯಿಂದ ಒಂದು ಪರ್ರನೆ ಹರಿದು ಕೈಗಿಟ್ಟ.

“ಇದರಾಗ ಏಲಕ್ಕಿ ಎಲ್ಲೈತಿ?”

“ವಾಸನಿ ಐತಲ್ರಿ.”

“ನನಗ ಡಬ್ಬ್ಯಾಗಿಂದ ಬೇಕು.”

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸ್ಟೂಲು ಹತ್ತಿ, ಮೇಲಿನ ಹಲಗೆಯಿಂದ ಒಂದು ಡಬ್ಬಿ ತೆಗೆದು ಅಂಗಿಯಿಂದ ಧೂಳು ಒರೆಸಿದ. ಅದೇ ಬಂಗಾರದ ಬಣ್ಣ.

“ಒಂದ ಐತ್ರಿ. ಆದ್ರ ಕೊಡಾಕ ಬರಂಗಿಲ್ಲ.”

“ಯಾಕ?”

“ಯಾರರ ಚೆಕಿಂಗ್‌ಗೆ ಬಂದ್ರ ತೋರಸಾಕ ಬೇಕಲ್ರಿ.”