ಬೆಳ್ಳಗಿರುವ ಕಣ್ಣಿಗೂ ಸ್ವಲ್ಪ ಹೆದರಿ

ಮಗುವಿನ ಕಣ್ಣು ಕೆಂಪಾದರೆ ಎಲ್ಲರೂ ಎದ್ದುಬಿದ್ದು ಓಡುತ್ತಾರೆ. ಬೆಳ್ಳಗಿದ್ದರೆ "ಏನಾಗಿಲ್ಲ ಬಿಡಿ". ನನ್ನ ತಕರಾರು ಇಲ್ಲೇ. ಅದೂ ಮನೆಯವರ ಮೇಲಲ್ಲ, ಎಮರ್ಜೆನ್ಸಿಯಲ್ಲಿ ಕೆಲಸ ಮಾಡುವ ನಮ್ಮ ಮೇಲೇ ಜಾಸ್ತಿ.

ಆಡುವಾಗ ಕಣ್ಣಿಗೆ ಚೆಂಡು ಬಡಿದ ಹುಡುಗ ಬರುತ್ತಾನೆ. ಕಣ್ಣು ಬೆಳ್ಳಗಿದೆ, ಊತವೂ ಅಷ್ಟಕ್ಕಷ್ಟೆ, ಆದರೆ ವಾಂತಿ ನಿಲ್ಲುತ್ತಿಲ್ಲ, ನಾಡಿ ನಿಧಾನ. ಎಲ್ಲರಿಗೂ ತಲೆಯದೇ ಚಿಂತೆ. "ಮೇಲೆ ನೋಡು ಪುಟ್ಟಾ" ಅಂದಿದ್ದರೆ ಒಂದು ಕಣ್ಣು ಮೇಲೇಳುವುದೇ ಇಲ್ಲ ಅಂತ ಗೊತ್ತಾಗುತ್ತಿತ್ತು. ಮಕ್ಕಳ ಮೂಳೆ ಎಳೆಯದು ನೋಡಿ, ಕಣ್ಣಗುಳಿಯ ತಳ ಬಿರಿದು ಮತ್ತೆ ಮುಚ್ಚಿಕೊಳ್ಳುತ್ತದೆ, ಬಾಗಿಲ ಸಂದಿಗೆ ಬೆರಳು ಸಿಕ್ಕ ಹಾಗೆ ಕಣ್ಣಿನ ಸ್ನಾಯು ಅಲ್ಲಿ ಸಿಕ್ಕಿಬೀಳುತ್ತದೆ. ಆ ವಾಂತಿ, ನಿಧಾನ ನಾಡಿ ಅದರಿಂದಲೇ. ಒಂದೆರಡು ದಿನದೊಳಗೆ ಆಪರೇಷನ್ ಮಾಡಿ ಬಿಡಿಸದಿದ್ದರೆ ಸ್ನಾಯು ಕೆಟ್ಟು ಎರಡೆರಡು ಕಾಣುವುದು ಉಳಿದೇಬಿಡಬಹುದು.

ಜ್ವರ, ನಾಡಿ ಎಲ್ಲ ಬರೆದುಕೊಳ್ಳುತ್ತೇವೆ. ದೃಷ್ಟಿ ಮಾತ್ರ ನೋಡುವುದಿಲ್ಲ. "ಮಗು ಚಿಕ್ಕದು, ಸಹಕರಿಸಲ್ಲ" ಅನ್ನುವ ನೆಪ ಬೇರೆ. ಮಾತು ಬಾರದ ಕೂಸಿಗೂ ಒಂದೊಂದೇ ಕಣ್ಣು ಮುಚ್ಚಿ ನೋಡಬಹುದಲ್ವಾ? ಕಾಣುವ ಕಣ್ಣು ಮುಚ್ಚಿದರೆ ರಂಪ ಮಾಡುತ್ತದೆ, ಕಾಣದ್ದನ್ನು ಮುಚ್ಚಿದರೆ ಸುಮ್ನಿರುತ್ತದೆ. ಯಾವ ಮಶೀನೂ ಬೇಡ.

ದೃಷ್ಟಿ ನೋಡಲೂ ಕಾಯಬಾರದ್ದು ಒಂದೇ: ಸುಣ್ಣ, ಕ್ಲೀನರ್ ಥರದ್ದು ಕಣ್ಣಿಗೆ ಬಿದ್ದಾಗ. ನಲ್ಲಿ ನೀರಾದರೂ ಸರಿ, ಆ ಕ್ಷಣದಿಂದಲೇ ತೊಳೆಯಬೇಕು, ಅರ್ಧ ಗಂಟೆಯಾದರೂ. ಆಸಿಡ್‌ಗಿಂತ ಸುಣ್ಣದಂಥ ಕ್ಷಾರ ಕೆಟ್ಟದ್ದು, ಒಳಗೆ ಇಳಿಯುತ್ತಲೇ ಹೋಗುತ್ತದೆ. ರೆಪ್ಪೆ ಮಗುಚಿ ಒಳಗೆ ಸುಣ್ಣದ ಚೂರು ಉಳಿದಿದೆಯಾ ನೋಡದೆ ಕಳಿಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಕಡ್ಡಿ, ಪೆನ್ಸಿಲ್ ಚುಚ್ಚಿದ್ದರೆ ಇದೆಲ್ಲ ಉಲ್ಟಾ. ತೊಳೆಯಬೇಡಿ, ಒತ್ತಬೇಡಿ, ಕೀಳಬೇಡಿ. ಒಂದು ಪೇಪರ್ ಕಪ್ ಕಣ್ಣಿಗೆ ತಾಗದ ಹಾಗೆ ಮೇಲಿಟ್ಟು ಕರೆತನ್ನಿ. ಅಳುತ್ತಿದೆ ಅಂತ ಹಾಲು, ಬಿಸ್ಕತ್ತು ಕೊಡಬೇಡಿ. ಅರಿವಳಿಕೆ ಕೊಡಬೇಕಾಗುತ್ತದೆ, ಹೊಟ್ಟೆ ಖಾಲಿ ಇರಬೇಕು.

ರೆಪ್ಪೆ ಊದಿ ಜ್ವರ ಬಂದಾಗಲೂ ಅಷ್ಟೇ, ರೆಪ್ಪೆ ಬಿಡಿಸಿ ಒಳಗೆ ನೋಡಲೇಬೇಕು. ಗುಡ್ಡೆ ಮುಂದೆ ಬಂದಿದ್ದರೆ, ಆಡಿಸಿದರೆ ನೋಯುತ್ತಿದ್ದರೆ ಸೈನಸ್‌ನ ಸೋಂಕು ಕಣ್ಣಿನ ಹಿಂದಕ್ಕೆ ಇಳಿದಿರಬಹುದು. ಸಿರಪ್ ಬರೆದು ಕಳಿಸುವ ಕೇಸ್ ಅಲ್ಲ, ಅಡ್ಮಿಟ್ ಮಾಡಬೇಕು.

ಇನ್ನೊಂದು, ಯಾವುದೋ ಜ್ವರಕ್ಕೆ ಬಂದ ತಾಯಿ ಹೊರಡುವಾಗ ಮೊಬೈಲ್ ತೋರಿಸಿ "ಫೋಟೋದಲ್ಲಿ ಒಂದು ಕಣ್ಣು ಬೆಳ್ಳಗೆ ಬರುತ್ತೆ ಡಾಕ್ಟ್ರೇ" ಅಂದರೆ, ದಯವಿಟ್ಟು ಮತ್ತೆ ಕೂರಿಸಿ. ಬೆಳಕಿನ ಕೋನದಿಂದಲೂ ಹಾಗಾಗುತ್ತದೆ, ನಿಜ. ಕಣ್ಣಿನೊಳಗಿನ ಕ್ಯಾನ್ಸರ್ ಗಡ್ಡೆ, ರೆಟಿನೋಬ್ಲಾಸ್ಟೋಮಾ, ಇದ್ದರೂ ಹಾಗೇ ಕಾಣುತ್ತದೆ, ಮಗುವಿಗೆ ಸಾಮಾನ್ಯವಾಗಿ ನೋವೂ ಇರುವುದಿಲ್ಲ. ಫ್ಲ್ಯಾಶ್ ಬಿದ್ದಾಗ ಪಾಪೆ ಕೆಂಪಗೆ ಹೊಳೆಯುವುದೇ ಸರಿಯಿರುವ ಕಣ್ಣು.