ಬೂಸಾ ಡಬ್ಬಿ

ಮದುವೆಯಾಗಿ ಹಾಸನಕ್ಕೆ ಬಂದಾಗಿನಿಂದ ನನ್ನ ದೊಡ್ಡ ಶತ್ರು ಅಂದರೆ ಹುಳ. ರವೆಯಲ್ಲಿ ಹುಳ, ಕಡಲೆಹಿಟ್ಟಿನಲ್ಲಿ ಹುಳ, ಅಕ್ಕಿಯದಂತೂ ಕೇಳಲೇಬೇಡಿ. ಮಳೆ ಬಿಟ್ಟು ಬಿಸಿಲು ಬಂದರೆ ಸಾಕು, ತಾರಸಿ ಮೇಲೆ ಹಳೇ ಪಂಚೆ ಹಾಸಿ ಎಲ್ಲವನ್ನೂ ಒಣಗಿಸಬೇಕು, ಜರಡಿ ಹಿಡಿಯಬೇಕು. ಅಂಥವಳು ಈಗ ಕೈಯಾರೆ ಹುಳ ಸಾಕುತ್ತಿದ್ದೇನೆ. ಅದೂ ದುಡ್ಡು ಕೊಟ್ಟು ತಂದು.

ಕಾರಣ ಮಗ. ಬೆಂಗಳೂರಿನಲ್ಲಿ ಓದುವಾಗ ಗೆಳೆಯನ ಹತ್ತಿರ ಒಂದು ಬಿಯರ್ಡೆಡ್ ಡ್ರ್ಯಾಗನ್ ಇಸಕೊಂಡು ಬಂದ. ಹೆಸರು ಕೇಳಿ ಹೆದರಿದ್ದೆ. ನೋಡಿದರೆ ಗಡ್ಡದ ಓತಿಕ್ಯಾತ! ಮೂಲ ಆಸ್ಟ್ರೇಲಿಯಾ ಆದರೂ ನಮ್ಮ ಬೇಲಿ ಮೇಲೆ ತಲೆ ಆಡಿಸುತ್ತಾ ಕೂರುವ ಓತಿಯ ಕುಟುಂಬವೇ. ಮಲೆನಾಡಿನ ಹಾರುವ ಓತಿಯೂ ಇದರ ದಾಯಾದಿ. ಓತಿಕ್ಯಾತನಿಗೆ ಬೇಲಿ ಸಾಕ್ಷಿ ಅಂತಾರಲ್ವಾ, ಗಾಜಿನ ಪೆಟ್ಟಿಗೆಯಲ್ಲಿರುವ ಇವನು ಯಾರನ್ನು ಸಾಕ್ಷಿಗೆ ಕರೆಯಬೇಕೋ. ಕ್ಯಾತ ಅಂತಲೇ ಹೆಸರಿಟ್ಟೆವು. ಮಗ ಕೆಲಸ ಸಿಕ್ಕಿ ಪುಣೆಗೆ ಹೋದ. ಕ್ಯಾತ ಇಲ್ಲೇ ಉಳಿದ.

ದೊಡ್ಡವನಾದ ಮೇಲೆ ಕ್ಯಾತನಿಗೆ ಸೊಪ್ಪೇ ಜಾಸ್ತಿ. ನುಗ್ಗೆಸೊಪ್ಪು, ದಾಸವಾಳದ ಹೂವು. ವಾರಕ್ಕೆ ಎರಡು ಮೂರು ದಿನ ಮಾತ್ರ ಹುಳ. ಸೋಮವಾರ ನಮ್ಮ ಮನೆಯಲ್ಲಿ ಯಾರೂ ಮಾಂಸ ಮುಟ್ಟುವುದಿಲ್ಲ, ಅವನೂ ಅಷ್ಟೆ.

ಹುಳದ ಹೆಸರು ಮೀಲ್‌ವರ್ಮ್. ಹಿಟ್ಟು, ಧಾನ್ಯಕ್ಕೆ ಬೀಳುವ ಒಂದು ಕಪ್ಪು ಜೀರುಂಡೆಯ ಮರಿ. ಅದಕ್ಕೆ ಹಾಸಿಗೆಯೂ ಊಟವೂ ಗೋಧಿ ಬೂಸಾ. ಅಂಗಡಿಯವನು, "ಎರಡೇ ಕೆಜಿಯಾ ಅಕ್ಕಾ? ಎಷ್ಟು ಹಸು ಕಟ್ಟಿದ್ದೀರಾ?" ಅಂದ. ಒಂದು ಸಾವಿರ ಇರಬಹುದು ಅಂತ ಹೇಳೋಣ ಅನ್ನಿಸಿತು.

ಅಗಲವಾದ ಪ್ಲಾಸ್ಟಿಕ್ ಡಬ್ಬಿಗೆ ಮೂರು ಬೆರಳು ಬೂಸಾ ಹಾಕಿದರೆ ಮನೆ ಸಿದ್ಧ. ನುಣುಪು ಗೋಡೆ ಇವಕ್ಕೆ ಹತ್ತಲು ಬರುವುದಿಲ್ಲ. ಇರುವೆಗಳಿಗೆ ಬರುತ್ತದೆ, ಹಾಗಾಗಿ ಬೆಲ್ಲದ ಡಬ್ಬಿಯ ಹಾಗೆ ಇದನ್ನೂ ನೀರಿನ ತಟ್ಟೆಯಲ್ಲಿಟ್ಟೆ. ಕುಡಿಯಲು ಮಾತ್ರ ನೀರಿಡುವಂತಿಲ್ಲ, ಬಿದ್ದು ಸಾಯುತ್ತವೆ. ಆಲೂಗಡ್ಡೆಯ ಬಿಲ್ಲೆ ಸಾಕು. ಹಾಸನದಲ್ಲಿ ಆಲೂಗಡ್ಡೆಗೇನು ಬರವೇ? ರಾತ್ರಿ ಇಟ್ಟ ಬಿಲ್ಲೆ ಬೆಳಿಗ್ಗೆ ನೋಡಿದರೆ ತಳದಿಂದ ತೂತು ತೂತು. ಮನೆ ನಿಶ್ಶಬ್ದವಾಗಿದ್ದಾಗ ಡಬ್ಬಿಗೆ ಕಿವಿ ಕೊಟ್ಟರೆ ಒಳಗೆ ಸರಬರ ಸದ್ದು, ಒಣ ಎಲೆ ಮೇಲೆ ಸೋನೆ ಹಿಡಿದ ಹಾಗೆ.

ನನ್ನ ಅಜ್ಜಿ ಮನೆ ರಾಮನಗರದ ಕಡೆ. ಅಲ್ಲಿ ರೇಷ್ಮೆ ಹುಳ ಪೊರೆ ಬಿಡಲು ಕೂತರೆ "ಜ್ವರಕ್ಕೆ ಕೂತಿದೆ" ಅನ್ನುತ್ತಿದ್ದರು. ನಾಲ್ಕು ಜ್ವರ ಮುಗಿದರೆ ಗೂಡು. ಈ ಹುಳಕ್ಕೆ ಹತ್ತಕ್ಕೂ ಜಾಸ್ತಿ ಜ್ವರ, ಆದರೂ ಗೂಡು ಕಟ್ಟುವ ಯೋಗ್ಯತೆ ಇಲ್ಲ. ಬೂಸಾದೊಳಗೆ ಸುಮ್ನೆ ಮುದುಡಿ, ಹಾಲುಬಿಳಿ ಕೋಶವಾಗಿ ಮಲಗುತ್ತದೆ. ತಿನ್ನುವುದಿಲ್ಲ, ನಡೆಯುವುದಿಲ್ಲ. ಮುಟ್ಟಿದರೆ ಮಾತ್ರ ನಿದ್ದೆಗೆಟ್ಟ ಮಗುವಿನ ಹಾಗೆ ಸೊಂಟ ಕೊಸರುತ್ತದೆ. ಅಲ್ಲೇ ಬಿಟ್ಟರೆ ಒಡಹುಟ್ಟಿದವರೇ ತಿಂದು ಹಾಕುತ್ತಾರೆ. ಟೀ ಚಮಚದಲ್ಲಿ ಒಂದೊಂದಾಗಿ ಎತ್ತಿ ಬೇರೆ ಡಬ್ಬಿಗೆ ಹಾಕುತ್ತೇನೆ. ಒಂದೆರಡು ವಾರಕ್ಕೆ ಜೀರುಂಡೆ ಬರುತ್ತದೆ. ಮೊದಲು ಬಿಳಿ, ಆಮೇಲೆ ಕಂದು, ಕೊನೆಗೆ ಕಪ್ಪು. ಒಂದೊಂದು ಹೆಣ್ಣೂ ನೂರಾರು ಮೊಟ್ಟೆ ಇಡುತ್ತದೆ.

ಮೊದಲ ಮಳೆಗಾಲದಲ್ಲಿ ಕೆಟ್ಟೆ. ಪಾಪ, ತಿನ್ನಲಿ ಅಂತ ಕೈತುಂಬ ಆಲೂಗಡ್ಡೆ ಹಾಕಿದೆ. ಹೊರಗೆ ಜಡಿಮಳೆ, ಒಳಗೆ ತೇವ. ಬೂಸಾ ಹೆಂಟೆ ಕಟ್ಟಿ ಬೂಷ್ಟು ಬಂತು, ಧೂಳಿನಂಥ ನುಸಿ ಡಬ್ಬಿಯ ಅಂಚಿಗೆ ಹತ್ತಿತು. ಪೂರ್ತಿ ಸುರಿದು ಮತ್ತೆ ಶುರು ಮಾಡಿದೆ. ಈಗ ಬೂಸಾವನ್ನು ಬಿಸಿಲಿಗೆ ಹಾಕಿಯೇ ಒಳಗೆ ತರುವುದು. ಹೌದು, ಅದೇ ತಾರಸಿ, ಅದೇ ಪಂಚೆ. ಹುಳ ಬೀಳಬಾರದು ಅಂತ ಒಣಗಿಸುತ್ತಿದ್ದೆ, ಈಗ ಹುಳ ಚೆನ್ನಾಗಿರಲಿ ಅಂತ.

ಕ್ಯಾತನಿಗೆ ಬಡಿಸುವ ಮೊದಲು ಹೋಳಿಗೆಗೆ ಹಿಟ್ಟು ಉದುರಿಸಿದಂತೆ ಹುಳಕ್ಕೆ ಕ್ಯಾಲ್ಸಿಯಂ ಪುಡಿ ಉದುರಿಸಬೇಕು. ಹುಳದಲ್ಲಿ ಕೊಬ್ಬು ಜಾಸ್ತಿ, ಕ್ಯಾಲ್ಸಿಯಂ ಕಮ್ಮಿ. 2021ರಲ್ಲಿ ಯುರೋಪಿಯನ್ ಒಕ್ಕೂಟ ಇದೇ ಹುಳವನ್ನು ಒಣಗಿಸಿ ಮನುಷ್ಯರೂ ತಿನ್ನಬಹುದು ಎಂದು ಒಪ್ಪಿಗೆ ಕೊಟ್ಟಿತಂತೆ. ನಮ್ಮವರು ಊಟಕ್ಕೆ ಕೂತಾಗಲೇ ಇದನ್ನು ಓದಿ ಹೇಳಬೇಕಿತ್ತೇ?

ಹುಳ ತಿಂದು ತಿಂದು ಬೂಸಾವೆಲ್ಲ ಹಿಕ್ಕೆಯಾಗುತ್ತದೆ. ವಾಸನೆಯಿಲ್ಲ, ಒಣಗಿ ಉದುರುದುರು, ನೋಡಲು ಥೇಟ್ ಸಣ್ಣ ರವೆ. ನನ್ನ ಗುಲಾಬಿ ಗಿಡಗಳಿಗೆ ಅದೇ ಗೊಬ್ಬರ. ಹುಳ ಜಾಸ್ತಿಯಾದರೆ ಸ್ವಲ್ಪವನ್ನು ಆ ಪುಡಿಯ ಸಮೇತ ಫ್ರಿಜ್‌ನಲ್ಲಿಡುತ್ತೇನೆ. ತಣ್ಣಗಿದ್ದರೆ ಬೆಳೆಯದೆ ಹಾಗೇ ಮಲಗಿರುತ್ತವೆ.

ಹೋದ ಸಲ ಹಾಸನಾಂಬೆಯ ಬಾಗಿಲು ತೆಗೆದಾಗ ಮನೆ ತುಂಬ ನೆಂಟರು. ರಾತ್ರಿಯಿಡೀ ದರ್ಶನದ ಸಾಲಿನಲ್ಲಿ ನಿಂತು ಬೆಳಗಿನ ಜಾವ ಮನೆಗೆ ಬಂದೆ. ನಾದಿನಿ ಆಗಲೇ ಎದ್ದು ಅಡುಗೆಮನೆ ಸೇರಿದ್ದಳು.

"ಅತ್ತಿಗೆ, ನಿಮಗೆ ಕನ್ನಡಕ ಬದಲಾಯಿಸಬೇಕು. ಫ್ರಿಜ್‌ನಲ್ಲಿದ್ದ ರವೆಗೆ ಎಷ್ಟು ಹುಳ ಬಿದ್ದಿತ್ತು ಗೊತ್ತಾ? ಜರಡಿ ಹಿಡಿದು ಹುಳ ಎಲ್ಲಾ ಹಿತ್ತಲಿಗೆ ಚೆಲ್ಲಿದೆ. ರವೆ ಚೆನ್ನಾಗೇ ಇದೆ, ಉಪ್ಪಿಟ್ಟಿಗೆ ಹುರಿದಿಟ್ಟಿದ್ದೀನಿ."