ಮುಂದಿನ ಗಾಲಿಗೆ ದಿಕ್ಕಿಲ್ಲ

ಬೈಕ್ ಮಾಡುವವರಿಗೆ ಹಿಂದಿನ ಗಾಲಿಯ ಮೇಲೆ ಪ್ರೀತಿ ಜಾಸ್ತಿ. ಡಬಲ್ ಸ್ಟ್ಯಾಂಡ್ ಹಾಕಿದರೆ ಸಾಕು, ಅದು ಆರಾಮಾಗಿ ಮೇಲೆ ಏಳುತ್ತದೆ. ಚೈನ್‌ಗೆ ಎಣ್ಣೆ ಬಿಡಿ, ಸ್ಪೋಕ್ ಒರೆಸಿ, ಸುಮ್ನೆ ತಿರುಗಿಸಿ ನೋಡಿ, ಏನು ಬೇಕಾದರೂ ಮಾಡಿ. ಮುಂದಿನ ಗಾಲಿ ಮಾತ್ರ ನೆಲ ಬಿಡುವುದಿಲ್ಲ. ಇಂಜಿನ್ನಿನ ಭಾರ ಸ್ಟ್ಯಾಂಡಿಗಿಂತ ಮುಂದೆ ಬೀಳುತ್ತದೆ, ಗಾಡಿ ಮೂಗು ಊರಿಕೊಂಡೇ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಬೇರೆ ಸ್ಟ್ಯಾಂಡ್ ಇರುತ್ತದೆ. ವಿಜಯಪುರದ ನಮ್ಮ ಮನೆಯಲ್ಲಿ ಇರುವುದು ಅವ್ವ, ಹೆಂಡತಿ, ಇಬ್ಬರು ಮಕ್ಕಳು. ಜೊತೆಗೆ ಪಕ್ಕದ ಮನೆಯ ಕಟ್ಟೆಯ ಮೇಲೆ ಸದಾ ಕೂತಿರುವ ಮಾಸ್ತರ ಕಾಕಾ.

ನನ್ನದು ಹಳೇ ಸ್ಪ್ಲೆಂಡರ್. ಮುಂದಿನ ಬ್ರೇಕ್ ಹಿಡಿದರೆ ಹ್ಯಾಂಡಲ್ ಬುಡದಲ್ಲಿ ಟಕ್ ಅನ್ನುತ್ತಿತ್ತು. ಮೆಕ್ಯಾನಿಕ್ ಕೂತಲ್ಲಿಂದ ಏಳದೆ, ಗಾಡಿ ಮುಟ್ಟದೆ, "ಕೋನ್ ಸೆಟ್ ಹೋಗೈತ್ರಿ" ಅಂದ. ಎಷ್ಟು ಖರ್ಚಾಗುತ್ತದೆ ಅಂತಲೂ ಕೂತಲ್ಲಿಂದಲೇ ಹೇಳಿದ. ಮುಟ್ಟದೆ ಹೇಳಿದ ರೋಗಕ್ಕೆ ದುಡ್ಡು ಕೊಡಲು ನನಗೆ ಮನಸ್ಸು ಬರಲಿಲ್ಲ. ಮೊದಲು ನಾನೇ ನೋಡುತ್ತೇನೆ ಅಂತ ಗಾಡಿ ಮನೆಗೆ ತಂದೆ.

ನೋಡುವುದು ಕಷ್ಟವೇನಲ್ಲ. ಹ್ಯಾಂಡಲ್ ತಿರುಗುವ ಕಡೆ ಮೇಲೊಂದು ಕೆಳಗೊಂದು ಉಕ್ಕಿನ ಬಟ್ಟಲು, ಅದರೊಳಗೆ ಸಣ್ಣ ಸಣ್ಣ ಗುಂಡು. ಇದೇ ಕೋನ್ ಸೆಟ್. ರಸ್ತೆಯ ತಗ್ಗಿನಲ್ಲಿ ಗಾಡಿ ಬಿದ್ದು ಎದ್ದು ಬಟ್ಟಲಿನಲ್ಲಿ ಗುಂಡಿನ ಅಚ್ಚು ಮೂಡುತ್ತದೆ. ಮುಂದಿನ ಗಾಲಿ ಎತ್ತಿ, ಗಾಲಿಯನ್ನು ಎರಡೂ ಕಡೆ ಹಿಡಿದಿರುವ ಫೋರ್ಕಿನ ಕೆಳತುದಿ ಹಿಡಿದು ಹಿಂದೆ ಮುಂದೆ ಜಗ್ಗಬೇಕು. ಟಕ್ ಅಂದರೆ ಸಡಿಲಾಗಿದೆ. ಆಮೇಲೆ ಒಂದೇ ಬೆರಳಿನಿಂದ ಹ್ಯಾಂಡಲನ್ನು ಮೆಲ್ಲಗೆ ಆ ಕಡೆ ಈ ಕಡೆ ತಿರುಗಿಸಬೇಕು. ನಟ್ಟ ನಡುವೆ ಬಂದಾಗ ಎಲ್ಲೋ ಸಿಕ್ಕಿಕೊಂಡ ಹಾಗೆ ನಿಂತರೆ ಬಟ್ಟಲು ಸವೆದಿದೆ. ಬಿಗಿ ಮಾಡಿದರೆ ಸರಿಹೋಗದು, ಬದಲಿಸಲೇಬೇಕು. ಎಲ್ಲಾ ಸೇರಿ ನಿಮಿಷದ ಕೆಲಸ. ಗಾಲಿ ಎತ್ತುವುದನ್ನು ಬಿಟ್ಟರೆ.

ಎದುರು ಮನೆಯವರ ಕಾರಿನಲ್ಲಿ ಜ್ಯಾಕ್ ಇದೆ. ಕೇಳಲು ಹೋದರೆ ಜ್ಯಾಕು ಕಾರಿನ ಜೊತೆ ಸೊಲ್ಲಾಪುರಕ್ಕೆ ಮದುವೆಗೆ ಹೋಗಿತ್ತು.

ನಮ್ಮದು ಹಳೇ ಮನೆ. ಪಡಸಾಲೆಯ ತೊಲೆಗೆ ದಪ್ಪನೆಯ ಕಬ್ಬಿಣದ ಕೊಂಡಿ ಇದೆ. ಅದಕ್ಕೆ ಹಗ್ಗ ಹಾಕಿ ಹ್ಯಾಂಡಲ್ ಮೇಲಕ್ಕೆ ಜಗ್ಗಿ ಕಟ್ಟಿದರೆ ಹೇಗೆ? ಸ್ಟೂಲ್ ಮೇಲೆ ಹತ್ತಿ ಹಗ್ಗ ತೂರಿಸುತ್ತಿದ್ದೆ. ಅವ್ವ ಬಂದಳು.

"ಏನ್ ಮಾಡಾಕತ್ತಿ?"

"ಗಾಡಿ ಎತ್ತಬೇಕಬೇ."

"ಅದು ತೊಟ್ಟಿಲ ಕೊಂಡಿ. ನಿನ್ನ ತೂಗೀನಿ, ನಿನ್ನ ಮಕ್ಕಳನ್ನ ತೂಗೀನಿ. ಈಗ ಈ ಗಾಡಿಗೆ ಹೆಸರಿಡಾಕ ಹೊಂಟೀಯೇನು?"

ಇಳಿದೆ. ನಿಜ ಹೇಳಬೇಕೆಂದರೆ ಆ ಉಪಾಯ ಹೇಗೂ ಕೆಲಸಕ್ಕೆ ಬರುತ್ತಿರಲಿಲ್ಲ. ಹ್ಯಾಂಡಲಿಗೆ ಹಗ್ಗ ಬಿಗಿದರೆ ಗಾಡಿಯ ಮುಂಭಾಗವೆಲ್ಲ ಅದೇ ಗುಂಡು ಬಟ್ಟಲಿನ ಮೇಲೆ ಜೋತು ಬೀಳುತ್ತದೆ. ಸಡಿಲಿದ್ದರೂ ಗೊತ್ತಾಗುವುದಿಲ್ಲ. ಮೇಲಿಂದ ಬ್ರೇಕು, ಕ್ಲಚ್ಚಿನ ಕೇಬಲ್ ಹಗ್ಗದಡಿ ನುಜ್ಜಾಗುತ್ತವೆ. ಇದನ್ನು ಅವ್ವನಿಗೆ ಹೇಳಲಿಲ್ಲ. ಅವಳು ಗೆದ್ದಳು ಅಂತಲೇ ಇರಲಿ.

ಉಳಿದದ್ದು ಏತದ ದಾರಿ. ಸ್ಪ್ಲೆಂಡರ್ ತೂಕ ಸುಮಾರು 112 ಕೆ.ಜಿ. ಅಷ್ಟನ್ನೂ ಯಾರೂ ಎತ್ತಬೇಕಾಗಿಲ್ಲ. ಬಹುಪಾಲು ಭಾರವನ್ನು ಡಬಲ್ ಸ್ಟ್ಯಾಂಡೇ ಹೊತ್ತಿರುತ್ತದೆ. ಬಾಲ ಕೆಳಕ್ಕೆ ಒತ್ತಿದರೆ ಮೂತಿ ತಾನಾಗಿ ಏಳುತ್ತದೆ. ಬಾಲದ ತುದಿಗೆ ಹೋದಷ್ಟೂ ಕಡಿಮೆ ಭಾರ ಸಾಕು. ಒಂದು ಮಾತು ಮಾತ್ರ ನೆನಪಿರಲಿ: ಮೊದಲೇ ಗಾಡಿ ಗೇರಿನಲ್ಲಿರಬೇಕು. ಹಿಂದಿನ ಗಾಲಿ ನೆಲ ಮುಟ್ಟಿದ ಮೇಲೆ ಗಾಡಿ ಮುಂದಕ್ಕೆ ಉರುಳಿದರೆ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ, ಆಮೇಲೆ ನೀವು ಚಪ್ಪಲಿ ಬಿಟ್ಟು ಓಡಬೇಕಾಗುತ್ತದೆ.

ಭಾರ ಎಲ್ಲಿಂದ ತರೋದು? ನಮ್ಮ ಕಡೆ ಈ ಪ್ರಶ್ನೆ ಕೇಳಬಾರದು. ಸುಗ್ಗಿಯಲ್ಲಿ ತಂದ ಮಾಲದಂಡಿ ಜೋಳ ಅಡುಗೆ ಮನೆಯ ಮೂಲೆಯಲ್ಲಿ ಚೀಲ ಚೀಲ ಕೂತಿದೆ. ಅರ್ಧ ಖಾಲಿಯಾದ ಒಂದು ಚೀಲ ಎಳೆದು ತಂದೆ. ಗಾಡಿಯನ್ನು ಬಾಗಿಲ ಮುಂದಿನ ಫರಸಿಯ ಮೇಲೆ ನಿಲ್ಲಿಸಿದೆ. ಮಣ್ಣಿನ ಮೇಲೆ ನಿಲ್ಲಿಸಿದರೆ ಸ್ಟ್ಯಾಂಡ್ ಕುಸಿಯುತ್ತದೆ, ಎರಿ ಮಣ್ಣಾದರೆ ಕೇಳಲೇಬೇಡಿ. ಚೀಲವನ್ನು ಕ್ಯಾರಿಯರ್ ಮೇಲಿಟ್ಟು ಹಗ್ಗ ಬಿಗಿದೆ. ಮುಂದಿನ ಗಾಲಿ ಏಳಲೋ ಬೇಡವೋ ಅಂತ ಸ್ವಲ್ಪ ಯೋಚಿಸಿತು. ಆಮೇಲೆ ಎದ್ದಿತು.

ಬರೀ ಚೀಲವನ್ನು ನಂಬಿ ಗಾಡಿಯ ಕೆಳಗೆ ಕೈ ಹಾಕುವ ಧೈರ್ಯ ನನಗಿಲ್ಲ. ಇಂಜಿನ್ನಿನ ಕೆಳಗೆ ಏನಾದರೂ ಆಸರೆ ಬೇಕು. ಮಾಸ್ತರ ಕಾಕಾ ಮಾಳಿಗೆಯ ಮೇಲೆ ಒಂದು ಖೋಲಿ ಕಟ್ಟಿಸುತ್ತಿದ್ದಾರೆ. ಅವರ ಇಟ್ಟಂಗಿ ರಾಶಿ ನಮ್ಮ ಗೋಡೆಗೇ ಒರಗಿದೆ. ಕೆಲವನ್ನು ತಂದು ಜೋಡಿಸಿದೆ. ಬರೀ ಇಟ್ಟಂಗಿ ಒಡೆದೀತು ಅಂತ ಮೇಲೆ ಅವ್ವನ ಪೂಜೆಯ ಮಣೆ ಇಟ್ಟೆ. ಮಣೆ ಇಂಜಿನ್ನಿಗೆ ತಾಗಬಾರದು. ಅಲ್ಲಿ ಆಯಿಲ್ ಇಳಿಸುವ ಬೋಲ್ಟ್ ಇದೆ. ಬಲಗಡೆ ಸೈಲೆನ್ಸರ್ ಪೈಪ್, ಅದರ ಮೇಲೂ ಭಾರ ಹಾಕಬಾರದು. ಚಾಸಿಯ ಎರಡು ಪೈಪಿಗೆ ಅಡ್ಡಲಾಗಿ ಮಣೆ ಕೂರಬೇಕು. ಕೂರಿಸಿದೆ.

ಕಾಕಾ ಇತಿಹಾಸದ ಮಾಸ್ತರು, ನಿವೃತ್ತರು. ಅಷ್ಟು ಹೊತ್ತೂ ಪೇಪರ್ ಓದುತ್ತಿದ್ದವರು ಈಗ ಕನ್ನಡಕ ಇಳಿಸಿದರು.

"ತಮ್ಮಾ, ಮಲಿಕ್-ಎ-ಮೈದಾನ್ ತೋಪು 55 ಟನ್ ಐತಿ. ಅದನ್ನ ಬುರುಜಿನ ಮ್ಯಾಲೆ ಏರಿಸಿ ಇಟ್ಟಾರ."

"ಹೌದ್ರಿ ಕಾಕಾ."

"ಗೋಳಗುಮ್ಮಟ ನೋಡು. 1656ರಾಗ ಕಟ್ಟಿದ್ದು. ಅಷ್ಟ ದೊಡ್ಡ ಗುಮ್ಮಟಕ್ಕ ನಡುವ ಒಂದ ಕಂಬ ಇಲ್ಲ. ನಿನ್ನ ಗಾಡಿಗೆ ನನ್ನ ಇಟ್ಟಂಗಿ ಯಾಕ ಬೇಕು?"

ಗುಮ್ಮಟದ ವಿಷಯ ಎಲ್ಲಿಗೆ ಹೋಗುತ್ತಿದೆ ಅಂತ ನನಗೆ ಅಷ್ಟು ಹೊತ್ತು ಹೊಳೆದಿರಲಿಲ್ಲ.

ಪರೀಕ್ಷೆ ಮಾಡಿದೆ. ಫೋರ್ಕ್ ಜಗ್ಗಿದರೆ ಟಕ್. ಹ್ಯಾಂಡಲ್ ತಿರುಗಿಸಿದರೆ ನಡುವೆ ಬಂದು ನಿಂತುಬಿಡುತ್ತಿತ್ತು. ಕೋನ್ ಸೆಟ್ ಹೋಗಿದ್ದು ಖರೆ. ಮುಟ್ಟದೆ ಹೇಳಿದವನ ಮಾತು ನಿಜವಾದದ್ದಕ್ಕೆ ಯಾಕೋ ಹೊಟ್ಟೆ ಉರಿಯಿತು.

ಅಷ್ಟರಲ್ಲಿ ಮಕ್ಕಳಿಗೆ ಗಾಳಿಯಲ್ಲಿರುವ ಗಾಲಿ ಕಂಡಿತು. ಹಳೇ ಸ್ಪ್ಲೆಂಡರಿನಲ್ಲಿ ಸ್ಪೀಡೋಮೀಟರಿನ ಕೇಬಲ್ ಬರುವುದೇ ಮುಂದಿನ ಗಾಲಿಯಿಂದ. ಕೈಯಿಂದ ಜೋರಾಗಿ ತಿರುಗಿಸಿದರೆ ನಿಂತ ಗಾಡಿಯ ಮುಳ್ಳು ಮೇಲೆ ಏಳುತ್ತದೆ. ಇದು ಗೊತ್ತಾದ ಕೂಡಲೇ ಓಣಿಯ ಹುಡುಗರೆಲ್ಲ ಸಾಲಾಗಿ ನಿಂತರು. ಯಾರು ಮುಳ್ಳನ್ನು ಜಾಸ್ತಿ ಏರಿಸುತ್ತಾರೆ ಅಂತ ಪಂದ್ಯ. ಸೋತವರು ಗಾಡಿ ಸರಿಯಿಲ್ಲ ಅಂದರು. ಪೆಟ್ರೋಲ್ ಖರ್ಚಿಲ್ಲದೆ ನನ್ನ ಗಾಡಿ ಹಳೆಯದಾಗುತ್ತಿತ್ತು.

ನನಗಿದ್ದ ಯೋಚನೆಯೆಲ್ಲ ಎತ್ತುವುದರ ಬಗ್ಗೆ. ಇಳಿಸುವುದಕ್ಕೂ ಒಂದು ಕ್ರಮ ಇದೆ. ಚೀಲದ ಭಾರ ಇರುವಾಗಲೇ ಮೊದಲು ಇಟ್ಟಂಗಿ ತೆಗೆಯಬೇಕು, ಆಮೇಲೆ ಚೀಲ. ಹೆಂಡತಿಗೆ ಈ ಕ್ರಮ ಗೊತ್ತಿರಲಿಲ್ಲ, ಗೊತ್ತಿರಬೇಕಾಗಿಯೂ ಇರಲಿಲ್ಲ. ನಾನು ಕೈ ತೊಳೆಯಲು ಒಳಗೆ ಹೋಗಿದ್ದೆ.

"ಏನ್ರೀ, ಹಿಟ್ಟು ಮುಗದೈತಿ ಅಂತ ಮುಂಜಾನಿಯಿಂದ ಹೇಳಾಕತ್ತೀನಿ. ಜ್ವಾಳ ಒಯ್ದು ಗಾಡಿಗೆ ಯಾಕ ಕಟ್ಟೀರಿ?"

ಹೊರಗೆ ಬಂದು ನೋಡಿದರೆ ಹಗ್ಗ ಬಿಚ್ಚಿ, ಚೀಲ ಇಳಿಸಿ, ಅವಳು ಜೋಳ ಹಸನು ಮಾಡಲು ಮೊರ ಹಿಡಿದು ಕೂತಿದ್ದಳು. ಗಾಡಿಯ ಮೂತಿ ಮಣೆಯ ಮೇಲೆ ಗಟ್ಟಿಯಾಗಿ ಕೂತಿತ್ತು. ಅದೇ ಹೊತ್ತಿಗೆ ಗೌಂಡಿ ಮಾಳಿಗೆಯಿಂದ ಬಗ್ಗಿ, ಇಟ್ಟಂಗಿ ಕಡಿಮೆ ಬಿದ್ದವು ಅಂತ ಕೂಗಿದ. ಅವ್ವ ಸಂಜೆ ಪೂಜೆಗೆ ಮಣೆ ಹುಡುಕುತ್ತಿದ್ದಳು. ವಾರಸುದಾರರಿಲ್ಲದ ವಸ್ತು ಮನೆಯಲ್ಲಿ ಒಂದೂ ಇಲ್ಲ ಅನ್ನುವುದು ಇಂಥ ಹೊತ್ತಿಗೇ ತಿಳಿಯುತ್ತದೆ. ಇಟ್ಟಂಗಿ ಎಳೆದರೆ ಬರುವುದಿಲ್ಲ, ಗಾಡಿ ಮೇಲೆ ಕೂತಿದೆ. ಬಾಲಕ್ಕೆ ಮತ್ತೆ ಭಾರ ಬೇಕು.

ಎಲ್ಲರೂ ಕಟ್ಟೆಯ ಕಡೆ ನೋಡಿದೆವು.

ಕಾಕಾ ಮೊದಲು ಒಪ್ಪಲಿಲ್ಲ. ಇಟ್ಟಂಗಿ ಅವರವೇ ಅಂತ ಗೌಂಡಿ ನೆನಪು ಮಾಡಿದ ಮೇಲೆ ಎದ್ದರು. ಧೋತರ ಎತ್ತಿ ಕಟ್ಟಿ, ನನ್ನ ಹೆಗಲು ಹಿಡಿದು ಕ್ಯಾರಿಯರ್ ಮೇಲೆ ಕೂತರು. ಗಾಡಿಯ ಮೂತಿ ಅವರಿಗೆ ಮರ್ಯಾದೆ ಕೊಟ್ಟು ಎದ್ದು ನಿಂತಿತು. ಮಣೆ ಎಳೆದೆವು, ಇಟ್ಟಂಗಿ ಎಳೆದೆವು.

"ಕಾಕಾ, ಮೆಲ್ಲಗ ಮುಂದ ಸರೀರಿ," ಅಂದೆ. ಸರಿದರು. ಗಾಲಿ ಸದ್ದಿಲ್ಲದೆ ನೆಲ ಮುಟ್ಟಿತು. ಇಳಿಯಿರಿ ಅಂತ ಕೈ ಕೊಟ್ಟೆ.

ಅವರು ಇಳಿಯಲಿಲ್ಲ. ಕನ್ನಡಕ ಸರಿ ಮಾಡಿಕೊಂಡರು. "ಹೆಂಗೂ ಕೂತೀನಿ. ಗಾಂಧಿ ಚೌಕದ ತನಕ ಬಿಟ್ಟು ಬಾ."

"ಕೋನ್ ಸೆಟ್ ಹೋಗೈತ್ರಿ ಕಾಕಾ."

"ಸಾವಕಾಶ ಹೊಡಿ. ಮೆಕ್ಯಾನಿಕ್ ಅಲ್ಲೇ ಹಾದ್ಯಾಗ ಅದಾನಲ್ಲ?"

ಹೆಂಡತಿ ಹಸನು ಮಾಡಿದ ಜೋಳದ ಗಂಟು ತಂದು ಟ್ಯಾಂಕಿನ ಮೇಲಿಟ್ಟಳು. ಗಿರಣಿಯೂ ಅದೇ ಹಾದಿಯಲ್ಲಿದೆಯಂತೆ.